ಬೆಟ್ಟಿಂಗ್, ಓಸಿ, ರಮ್ಮಿ: ನಮ್ಮ ಕಡೆಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಿಂಧನೂರಿನ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ನನ್ನ ತಮ್ಮ ಇಪ್ಪತ್ಮೂರನೇ ವಯಸ್ಸಿಗೆ ಕ್ರಿಕೆಟ್ ಬೆಟ್ಟಿಂಗ್‌ಗೆ ಬಿದ್ದ. ಅವನು ಅದರಿಂದ ಹೊರಗೆ ಬರೋಕೆ ಮೂರು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಎರಡು ವರ್ಷ ಮನೆಯವರಾಗಿ ನಾವು ಮಾಡಿದ್ದೆಲ್ಲ ತಪ್ಪೇ. ವಿಷಯ ನಾಲ್ಕು ಜನರಿಗೆ ಗೊತ್ತಾದ ಮೇಲೆ ಗಂಗಾವತಿ, ಮಾನ್ವಿ, ಬಳ್ಳಾರಿ, ಕುಷ್ಟಗಿ ಕಡೆಯ ನೆಂಟರು, ಅವರ ಪರಿಚಯದವರು ಫೋನ್ ಮಾಡೋಕೆ ಶುರು ಮಾಡಿದರು. ಎಲ್ಲರೂ ಧ್ವನಿ ತಗ್ಗಿಸಿ ಮಾತಾಡುತ್ತಾರೆ, ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ತಮ್ಮ ಓದಿ "ಬರಿ ಅಣ್ಣಾ, ಪರವಾಗಿಲ್ಲ" ಅಂದ ಮೇಲೆಯೇ ಅವನ ವಿಷಯ ಇದರಲ್ಲಿ ಹಾಕಿದ್ದೇನೆ.

ಎಲ್ಲ ಹುಡುಗರೂ ಮ್ಯಾಚ್ ನೋಡುತ್ತಾರೆ, ದೀಪಾವಳಿಗೆ ಎಲೆ ಆಡುತ್ತಾರೆ. ಅದು ಚಟ ಆಯ್ತು ಅಂತ ಗೊತ್ತಾಗೋದು ಹೇಗೆ?

ಎಷ್ಟು ದುಡ್ಡು ಹೋಯಿತು ಅನ್ನುವುದರಿಂದ ಗೊತ್ತಾಗುವುದಿಲ್ಲ. ಐದು ಸಾವಿರ ಕಳೆದುಕೊಂಡು ಎದ್ದು ಹೋದವನಿಗೆ ಚಟ ಇಲ್ಲದೆ ಇರಬಹುದು, ದಿನಾ ಇನ್ನೂರು ಕಳೆಯುವವನಿಗೆ ಇರಬಹುದು. ನೀವು ನೋಡಬೇಕಾದದ್ದು ಇದು: ಹೋದ ದುಡ್ಡು ವಾಪಸ್ ತೆಗೆಯಬೇಕು ಅಂತ ಮಾರನೇ ದಿನ ಮತ್ತೆ ಕಟ್ಟುತ್ತಾನಾ? ಹುಡುಗರು ಇದಕ್ಕೆ "ರಿಕವರಿ" ಅನ್ನುತ್ತಾರೆ. ಮನೆಯಲ್ಲಿ ಸುಳ್ಳು ಹೇಳುತ್ತಾನಾ? ಮೊದಲು ನೂರಕ್ಕೆ ಸಿಗುತ್ತಿದ್ದ ಖುಷಿಗೆ ಈಗ ಸಾವಿರ ಬೇಕಾ? ಬಿಡುತ್ತೇನೆ ಅಂತ ಬಿಟ್ಟು ಮತ್ತೆ ಹಿಡಿದಿದ್ದಾನಾ, ಬಿಟ್ಟ ದಿನಗಳಲ್ಲಿ ಸಣ್ಣದಕ್ಕೂ ರೇಗುತ್ತಾನಾ, ಬೇಜಾರಾದಾಗಲೇ ಜಾಸ್ತಿ ಆಡುತ್ತಾನಾ, ಊಟ ಮಾಡುವಾಗಲೂ ಕೆಲಸದಲ್ಲೂ ತಲೆಯಲ್ಲಿ ಅದೇ ಇರುತ್ತದಾ, ಕೆಲಸವೋ ಓದೋ ಸಂಬಂಧವೋ ಕೆಟ್ಟಿದೆಯಾ, ಕೊನೆಗೆ ಸಾಲ ತೀರಿಸಿ ಅಂತ ಇನ್ನೊಬ್ಬರ ಮುಂದೆ ಕೈ ಒಡ್ಡುತ್ತಾನಾ? ಮನೋವೈದ್ಯರು ನೋಡುವ ಒಂಬತ್ತು ಗುರುತುಗಳು ಹೆಚ್ಚು ಕಡಿಮೆ ಇವೇ. ಒಂದು ವರ್ಷದೊಳಗೆ ಇದರಲ್ಲಿ ನಾಲ್ಕು ಕಂಡರೆ ಚಟ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಇದು ಕಣ್ಣೆದುರಿಗೇ ಇತ್ತು. ರಾತ್ರಿ ಊಟಕ್ಕೆ ಕೂತರೆ ಅವನ ಫೋನ್ ತಟ್ಟೆ ಪಕ್ಕದಲ್ಲಿ ಬೋರಲು ಬಿದ್ದಿರುತ್ತಿತ್ತು. ಒಂದು ತುತ್ತು ರೊಟ್ಟಿ ಮುರಿಯುತ್ತಿದ್ದ, ಫೋನ್ ಎತ್ತಿ ನೋಡುತ್ತಿದ್ದ, ಮತ್ತೆ ಬೋರಲು ಇಡುತ್ತಿದ್ದ. ಅವ್ವ ಪುಂಡಿಪಲ್ಯ ಬಡಿಸಿದರೆ ಬೇಕು ಅನ್ನುತ್ತಿರಲಿಲ್ಲ, ಸಾಕೂ ಅನ್ನುತ್ತಿರಲಿಲ್ಲ. ಒಂದು ದಿನ ಅರ್ಧ ರೊಟ್ಟಿ ಬಿಟ್ಟು ಮಾಳಿಗೆ ಹತ್ತಿದ. ಇಳಿದು ಬಂದಾಗ ಮುಖವೆಲ್ಲ ಬೆವರು. ಜನವರಿ ಚಳಿ ಅದು. ಗ್ಯಾಸ್ ಆಗಿದೆ ಅಂದ, ನಾವು ಸೋಡಾ ತರಿಸಿ ಕುಡಿಸಿದೆವು. ಅವತ್ತು ಯಾವುದೋ ದೇಶದ ಲೀಗ್ ಮ್ಯಾಚ್ ಮೇಲೆ ನಲವತ್ತು ಸಾವಿರ ಹೋಗಿತ್ತು. ಆ ತಂಡಗಳ ಹೆಸರೂ ತನಗೆ ಸರಿಯಾಗಿ ಗೊತ್ತಿರಲಿಲ್ಲ ಅಂತ ಆಮೇಲೆ ಹೇಳಿದ.

ಇದು ನಿಜವಾಗಿ ರೋಗನಾ? ಕೊಬ್ಬು ಅಲ್ವಾ?

ರೋಗವೇ. ಅಮೆರಿಕದ ಮನೋವೈದ್ಯರು 1980ರಲ್ಲೇ ಜೂಜಿನ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರು. 2013ರಲ್ಲಿ ಅದನ್ನು ಕುಡಿತ, ಡ್ರಗ್ಸ್ ಚಟಗಳ ಸಾಲಿಗೇ ತಂದು ಕೂರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲೂ ಇದು ಇದೆ.

ಇದು ಹಿಡಿಯುವ ರೀತಿ ಹೀಗೆ. ಪ್ರತಿ ಸಲ ಗೆದ್ದರೆ ಮನುಷ್ಯನಿಗೆ ಬೇಜಾರಾಗುತ್ತದೆ, ಪ್ರತಿ ಸಲ ಸೋತರೆ ಬಿಟ್ಟುಬಿಡುತ್ತಾನೆ. ಯಾವಾಗ ಗೆಲ್ಲುತ್ತೇನೆ ಅಂತ ಗೊತ್ತಾಗದಂತೆ ಮಧ್ಯೆ ಮಧ್ಯೆ ಒಂದು ಗೆಲುವು ಸಿಕ್ಕರೆ ಮೆದುಳು ಅದನ್ನು ಬಿಡುವುದೇ ಇಲ್ಲ. ಇನ್ನೂ ಕೆಟ್ಟದ್ದು "ಸ್ವಲ್ಪದರಲ್ಲಿ ತಪ್ಪಿತು" ಅನ್ನುವ ಸೋಲು. ಓಸಿಯಲ್ಲಿ, ಅಂದರೆ ನಂಬರ್ ಮೇಲೆ ದುಡ್ಡು ಕಟ್ಟುವ ಜೂಜಿನಲ್ಲಿ, 47 ಕಟ್ಟಿದವನಿಗೆ 48 ಬಂದರೆ, ಕೊನೆಯ ಬಾಲ್‌ನಲ್ಲಿ ಒಂದು ರನ್ ಕಡಿಮೆ ಆದರೆ, ಅದು ಸೋಲು ಅನ್ನಿಸುವುದಿಲ್ಲ. ಹತ್ತಿರ ಬಂದಿದ್ದೇನೆ, ಮುಂದಿನ ಸಲ ಸಿಗುತ್ತದೆ ಅನ್ನಿಸುತ್ತದೆ. ಆ್ಯಪ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಕೊಬ್ಬು ಅಂತ ಬೈದರೆ ಒಂದೇ ಒಂದು ಲಾಭ, ನಮ್ಮ ಸಿಟ್ಟು ಇಳಿಯುತ್ತದೆ. ಅವನ ಚಟ ಇಳಿಯುವುದಿಲ್ಲ.

ಓಸಿ ನಂಬರ್‌ಗೆ ಒಂದು ಲೆಕ್ಕ ಇದೆಯಂತಲ್ಲ? ಗೊತ್ತಿದ್ದವರು ಹಿಡಿಯುತ್ತಾರಂತೆ?

ಇಲ್ಲ. ಲೆಕ್ಕ ಬರೆದೇ ಹೊಟ್ಟೆ ಹೊರೆಯುವವನು ನಾನು, ನನ್ನ ಮಾತು ನಂಬಿ.

ಓಸಿ ಅಂದರೆ ಓಪನಿಂಗ್, ಕ್ಲೋಸಿಂಗ್. ನ್ಯೂಯಾರ್ಕ್‌ನಿಂದ ಮುಂಬೈಗೆ ಬರುತ್ತಿದ್ದ ಹತ್ತಿಯ ಓಪನ್ ರೇಟ್, ಕ್ಲೋಸ್ ರೇಟ್ ಮೇಲೆ ಜನ ದುಡ್ಡು ಕಟ್ಟುತ್ತಿದ್ದರು, ಅಲ್ಲಿಂದ ಹುಟ್ಟಿದ್ದು ಇದು. 1960ರ ದಶಕದಲ್ಲಿ ಆ ರೇಟ್ ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತೋಕೆ ಶುರು ಮಾಡಿದರು, ಅದಕ್ಕೇ ಮಟ್ಕಾ ಅನ್ನುವ ಹೆಸರು. ರಾಯಚೂರಿನ ಹತ್ತಿ ಮಾರ್ಕೆಟ್ ಕಂಡವರಿಗೆ ರೇಟ್ ಏರೋದು ಇಳಿಯೋದು ಗೊತ್ತಿರುತ್ತದೆ. ಅಲ್ಲಿ ಮಳೆ, ಬೇಡಿಕೆ, ಏನೋ ಒಂದು ಕಾರಣ ಇರುತ್ತದೆ. ಓಸಿಯಲ್ಲಿ ಅದೂ ಇಲ್ಲ.

ನಮ್ಮ ಕಡೆ ಚೀಟಿ ಬರೆಯುವವರು ಕೂಗುವುದು "ಒಂದು ರೂಪಾಯಿಗೆ ಎಂಬತ್ತು ರೂಪಾಯಿ" ಅಂತ. 00ರಿಂದ 99ರವರೆಗೆ ಒಟ್ಟು ನೂರು ಜೋಡಿ. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದಿರಿ ಅಂದುಕೊಳ್ಳಿ, ಗ್ಯಾರಂಟಿ ಗೆಲುವು. ಕೊಟ್ಟಿದ್ದು ನೂರು, ಬಂದಿದ್ದು ಎಂಬತ್ತು. ಗ್ಯಾರಂಟಿಯಾಗಿ ಗೆದ್ದರೂ ಇಪ್ಪತ್ತು ರೂಪಾಯಿ ಹೋಯಿತು. ದಿನಕ್ಕೆ ನೂರು ರೂಪಾಯಿ ಕಟ್ಟುವವನು ಸರಾಸರಿ ಲೆಕ್ಕದಲ್ಲಿ ವರ್ಷಕ್ಕೆ 7,300 ರೂಪಾಯಿ ಆ ಚೀಟಿಯವನಿಗೆ ಸುಮ್ನೆ ಕೊಡುತ್ತಾನೆ. ಕನಸಿನಲ್ಲಿ ಹಾವು ಬಂತು, ಲಾರಿ ನಂಬರ್ ಕಂಡಿತು, ನಿನ್ನೆ 36 ಬಂದಿದೆ ಅದಕ್ಕೆ ಇವತ್ತು ಬರಲ್ಲ, ಇವೆಲ್ಲ ಸುಳ್ಳು ಸಮಾಧಾನ. ನಿನ್ನೆ ಏನು ಬಂತು ಅಂತ ಇವತ್ತಿನ ಚೀಟಿಗೆ ಗೊತ್ತಿರುವುದಿಲ್ಲ. ಅದನ್ನು ಎಲ್ಲಿ, ಯಾರು ಎತ್ತುತ್ತಾರೆ ಅಂತ ಕಟ್ಟಿದವರು ಯಾರೂ ನೋಡಿಲ್ಲ.

ಕ್ರಿಕೆಟ್ ಚೆನ್ನಾಗಿ ಗೊತ್ತಿದ್ದವನು ಗೆಲ್ಲಬಹುದಲ್ವಾ? ನನ್ನ ಮಗ ಹದಿನೈದು ವರ್ಷದಿಂದ ಆಡಿದವನು.

ಟಾಸ್‌ನಿಂದಲೇ ನೋಡಿ. ಟಾಸ್‌ಗೆ ನೂರು ಕಟ್ಟಿದರೆ ಗೆದ್ದಾಗ ತೊಂಬತ್ತು ಕೊಡುತ್ತಾರೆ, ಸೋತರೆ ನೂರೂ ಹೋಗುತ್ತದೆ ಅಂದುಕೊಳ್ಳಿ. ನೂರು ಟಾಸ್ ಆಡಿ ಐವತ್ತು ಗೆದ್ದರೆ ಬರುವುದು 4,500, ಐವತ್ತು ಸೋತರೆ ಹೋಗುವುದು 5,000. ಅರ್ಧಕ್ಕರ್ಧ ಗೆದ್ದವನೂ ಐನೂರು ಕಳೆದುಕೊಂಡ. ಬಾಜಿ ದುಡ್ಡು ಕಟ್ಟಿಸಿಕೊಳ್ಳುವ ಬುಕ್ಕಿಗೆ ಯಾವ ತಂಡ ಗೆದ್ದರೂ ಒಂದೇ. ಅವನ ದುಡ್ಡು ಆ ಹತ್ತು ರೂಪಾಯಿಯ ವ್ಯತ್ಯಾಸದಲ್ಲಿದೆ.

ಇನ್ನೊಂದು ಮಾತು. ಆಟ ಗೊತ್ತಿದ್ದ ಹುಡುಗರೇ ಬೇಗ ಬೀಳುತ್ತಾರೆ. ನನ್ನ ತಮ್ಮನೂ ತಾಲ್ಲೂಕು ಮಟ್ಟದಲ್ಲಿ ಬೌಲಿಂಗ್ ಮಾಡಿದವನು. ಗೆದ್ದಾಗ ತನ್ನ ತಲೆ ಅಂದುಕೊಳ್ಳುತ್ತಿದ್ದ, ಸೋತಾಗ ಅಂಪೈರ್, ಪಿಚ್, ಮಂಜು ಅನ್ನುತ್ತಿದ್ದ. ಹೀಗಿದ್ದರೆ ಸೋಲು ಯಾವತ್ತೂ ಪಾಠ ಕಲಿಸುವುದಿಲ್ಲ.

ನಮ್ಮ ಕಡೆಯ ಹುಡುಗರೇ ಯಾಕೆ ಹೀಗೆ ಬೀಳುತ್ತಾರೆ?

ನಮ್ಮ ಕಡೆಯವರು ಮಾತ್ರ ಅಲ್ಲ. ಆದರೂ ನಮ್ಮಲ್ಲಿ ದುಡ್ಡು ಬರುವ ರೀತಿ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಕಾಲುವೆ ನೀರಿನ ಊರುಗಳಲ್ಲಿ ಭತ್ತದ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಒಂದೇ ಸಲ ಗಂಟಾಗಿ ಬರುತ್ತದೆ. ಹತ್ತಿ, ಮೆಣಸಿನಕಾಯಿಯೂ ಹಾಗೇ. ಬಳ್ಳಾರಿಯ ಜೀನ್ಸ್ ಹೊಲಿಯುವ ಹುಡುಗರಿಗೆ ವಾರದ ಬಟವಾಡೆ, ಸಂಡೂರು, ತೋರಣಗಲ್ಲು ಕಡೆ ಡ್ರೈವರ್‌ಗಳಿಗೆ ಟ್ರಿಪ್ ಲೆಕ್ಕ. ಕೈಯಲ್ಲಿ ದುಡ್ಡಿದ್ದ ದಿನ ಫೋನ್ ಕೂಡ ಕೈಯಲ್ಲೇ ಇರುತ್ತದೆ. ಮೊದಲು ಅಂದರ್ ಬಾಹರ್ ಆಡಬೇಕಾದರೆ ಊರ ಹೊರಗಿನ ಗಿಡದ ಕೆಳಗೆ ಹೋಗಬೇಕಿತ್ತು, ಯಾರಾದರೂ ಕಂಡಾರು ಅನ್ನುವ ಅಳುಕು ಇರುತ್ತಿತ್ತು. ಈಗ ಹಾಸಿಗೆಯಲ್ಲಿ, ಹೊದಿಕೆ ಒಳಗೆ.

ಡಿಗ್ರಿ ಮುಗಿಸಿ ಕೆಲಸ ಇಲ್ಲದೆ ಮೂರು ವರ್ಷ ಪರೀಕ್ಷೆ ಬರೆಯುತ್ತಾ ಕೂತ ಹುಡುಗನಿಗೆ ಒಂದು ರಾತ್ರಿ ಆರು ಸಾವಿರ ಗೆದ್ದಾಗ ಆಗುವ ಖುಷಿ ಬರೀ ದುಡ್ಡಿನದಲ್ಲ. ಯಾರೋ ಮೊದಲ ಸಲ ನೀನು ಗೆದ್ದೆ ಅಂದ ಹಾಗಿರುತ್ತದೆ. ಇದು ಅರ್ಥ ಆಗದೆ ಅವನ ಜೊತೆ ಮಾತು ಶುರು ಮಾಡಬೇಡಿ.

ಹೊಲ ಮಾರಿಯೋ ಬಂಗಾರ ಒತ್ತೆ ಇಟ್ಟೋ ಸಾಲ ತೀರಿಸಿಬಿಟ್ಟರೆ ಮುಗಿಯಿತಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಾನು ಈ ಬರಹ ಬರೆದದ್ದೇ ಇದಕ್ಕಾಗಿ. ಇಲ್ಲ, ಮುಗಿಯುವುದಿಲ್ಲ. ಗುಟ್ಟಾಗಿ ತೀರಿಸಿದರೆ ಇನ್ನೂ ಬೆಳೆಯುತ್ತದೆ.

ಮೊದಲ ಸಲ ಎಂಬತ್ತು ಸಾವಿರ ಅಂತ ಗೊತ್ತಾಯಿತು. ಅವ್ವ ತನ್ನ ಬೋರಮಾಳ ಸರ ಒತ್ತೆ ಇಟ್ಟಳು, ಉಳಿದದ್ದು ನಾನು ಹಾಕಿದೆ. ಅಪ್ಪನಿಗೆ ಹೇಳಲಿಲ್ಲ, ಬಿಪಿ ಇದೆ ಅಂತ. ತಮ್ಮ ಕಾಲಿಗೆ ಬಿದ್ದು ಅತ್ತ, ನಿಜವಾಗಿಯೇ ಅತ್ತ. ಆದರೆ ಅವನು ಹೇಳಿದ್ದು ಅರ್ಧ ಸಾಲ ಮಾತ್ರ. ಉಳಿದರ್ಧ ತೀರಿಸೋಕೆ ಅವನಿಗೆ ಗೊತ್ತಿದ್ದ ದಾರಿ ಒಂದೇ, ಮತ್ತೆ ಆಡುವುದು. ಎಂಟು ತಿಂಗಳಿಗೆ ಮೂರು ಲಕ್ಷ ಆಯಿತು. ಈ ಸಲ ಎರಡು ಎಕರೆ ಲೀಜಿಗೆ ಹಾಕಿದೆವು, ಊರವರಿಗೆ ಮನೆ ರಿಪೇರಿಗೆ ಅಂದೆವು. ಮನೆಯವರು ಹೇಗಾದರೂ ಮಾಡಿ ಕಟ್ಟುತ್ತಾರೆ ಅಂತ ಅವನಿಗೂ ಗೊತ್ತಾಯಿತು, ಬುಕ್ಕಿಗೂ ಗೊತ್ತಾಯಿತು. ಸಾಲ ತೀರಿದ ಸುದ್ದಿ ಹೋದ ವಾರದಲ್ಲೇ ಅವನ ಫೋನ್‌ಗೆ ಬೆಟ್ಟಿಂಗ್ ಆಡೋಕೆ ಹೊಸ ಐಡಿ ಬಂತು, ಮೇಲೆ ಎರಡು ಸಾವಿರ ಬೋನಸ್.

ಮೂರನೇ ಸಲ ನಾನು ದುಡ್ಡಿನ ಮಾತು ತೆಗೆಯಲಿಲ್ಲ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಅಪ್ಪ, ಅವ್ವ, ನಾನು, ಕಾಕಾ, ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಯಾರ್ಯಾರಿಗೆ ಎಷ್ಟು ಕೊಡಬೇಕು, ಹೇಳು, ನಾನು ಬರೆಯುತ್ತೇನೆ ಅಂದೆ. ಮೊದಲು ನಾಲ್ಕು ಹೆಸರು ಹೇಳಿದ. ನಾವು ಸುಮ್ಮನೆ ಕೂತೆವು. ಸ್ವಲ್ಪ ಹೊತ್ತಿಗೆ ಇನ್ನೆರಡು. ಚಹಾ ಆಯಿತು, ಇನ್ನು ಮೂರು. ಅವ್ವನ ಸೋದರತ್ತೆಯ ಹೆಸರು ಬಂದಾಗ ಅವ್ವ ಎದ್ದು ಒಳಗೆ ಹೋದಳು, ಮತ್ತೆ ಬಂದು ಕೂತಳು. ರಾತ್ರಿ ಎರಡು ಗಂಟೆಗೆ ಪಟ್ಟಿ ಮುಗಿಯಿತು. ಹತ್ತೊಂಬತ್ತು ಹೆಸರು, 4,70,000 ರೂಪಾಯಿ. ಅಪ್ಪ ಒಂದು ಮಾತೂ ಬೈಯಲಿಲ್ಲ. "ಇನ್ನ ಯಾರರ ಉಳದಾರೇನು?" ಅಂತ ಮಾತ್ರ ಕೇಳಿದ. ಇಲ್ಲ ಅಂದ ತಮ್ಮ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವನು ನಿದ್ದೆ ಮಾಡಿದ.

ಹೊಲ ಮಾರಲಿಲ್ಲ. ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಮನೆಗೂ ತಮ್ಮನೇ ಹೋದ, ನಾನು ಜೊತೆಗಿದ್ದೆ. ತಿಂಗಳಿಗೆ ಇಷ್ಟು ಅಂತ ಮಾತಾಯಿತು. ಅವನ ದುಡಿಮೆಯಿಂದಲೇ ತೀರಬೇಕು ಅಂತ ಆಯಿತು. ಮಾನ ಹೋಗುತ್ತದೆ ಅಂತ ಹೆದರಿದ್ದೆವು. ಒಂದಿಬ್ಬರು ಆಡಿಕೊಂಡರು, ನಿಜ. ಆದರೆ ಉಳಿದವರು ಆಮೇಲೆ ಅವನಿಗೆ ಸಾಲ ಕೊಡಲಿಲ್ಲ, ಅದು ನಮಗೆ ಬೇಕಾದದ್ದೇ.

ಬುಕ್ಕಿಗೆ ಕೊಡಬೇಕಾದ ದುಡ್ಡೂ ಕೊಡಬೇಕಾ?

1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿ ಕಟ್ಟಿದ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಗೆದ್ದ ದುಡ್ಡು ಕೊಡಿಸಿ ಅಂತ ಯಾರೂ ಕೋರ್ಟಿಗೆ ಹೋಗೋಕೆ ಆಗುವುದಿಲ್ಲ. ಆದರೆ ಬುಕ್ಕಿಗಳು ಖಾಲಿ ಚೆಕ್, ಬಾಂಡ್ ಪೇಪರ್ ಬರೆಸಿಕೊಂಡಿರುತ್ತಾರೆ, ಕೈಗಡ ಕೊಟ್ಟೆ ಅಂತ ತೋರಿಸುತ್ತಾರೆ. ಹಾಗೇನಾದರೂ ಕೊಟ್ಟಿದ್ದರೆ ಮೊದಲು ವಕೀಲರನ್ನು ನೋಡಿ. ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಫೋನ್ ಆದರೆ 15100.

ಮೀಟರ್ ಬಡ್ಡಿಯವರು ಮನೆ ಮುಂದೆ ಬಂದು ಕೂಗಾಡಿದರೆ ತಲೆ ತಗ್ಗಿಸಿ ನಿಲ್ಲಬೇಡಿ. ಸಾಲ ವಸೂಲಿಗೆ ಬೆದರಿಸುವುದು, ಹಿಂದೆ ಬೀಳುವುದು, ಸಾಮಾನು ಎತ್ತಿಕೊಂಡು ಹೋಗುವುದು, ಇದಕ್ಕೆಲ್ಲ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆ ಆಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಠಾಣೆಗೆ ಹೋಗಿ ಬರೆದುಕೊಡಿ, ಹಿಂಬರಹ ಕೇಳಿ ತೆಗೆದುಕೊಳ್ಳಿ.

ಲೋನ್ ಆ್ಯಪ್‌ನವರು ಫೋನ್‌ನಲ್ಲಿದ್ದ ಎಲ್ಲರಿಗೂ ಫೋಟೋ ಕಳಿಸುತ್ತೇವೆ ಅಂತಾರೆ.

ಹೆದರಿ ಇನ್ನೊಂದು ಆ್ಯಪ್‌ನಲ್ಲಿ ಸಾಲ ತೆಗೆಯಬೇಡಿ. ಹುಡುಗರು ಮಾಡುವುದೇ ಅದು, ಒಂದಕ್ಕೆ ಕಟ್ಟೋಕೆ ಇನ್ನೊಂದು. ಬಂದ ಮೆಸೇಜ್, ನಂಬರ್ ಅಳಿಸದೆ ಇಟ್ಟುಕೊಳ್ಳಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಕೇಸ್ ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ. ನೆಂಟರಿಗೆ ಅವರು ಕಳಿಸುವ ಮೊದಲು ನೀವೇ ಒಂದು ಮೆಸೇಜ್ ಹಾಕಿ: ಹೀಗೊಂದು ಫೋಟೋ ಬರಬಹುದು, ಸುಳ್ಳು, ನಂಬಬೇಡಿ ಅಂತ. ಅಲ್ಲಿಗೆ ಅವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಹೋಯಿತು.

ಇದೆಲ್ಲ ಬ್ಯಾನ್ ಆಗಿದೆಯಲ್ಲ? ಪೊಲೀಸರಿಗೆ ಹೇಳಿದರೆ ನನ್ನ ಮಗನನ್ನೇ ಹಿಡಿಯುತ್ತಾರಾ?

ಓಸಿ, ಅಂದರ್ ಬಾಹರ್‌ಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಪೇಪರ್‌ನಲ್ಲಿ ಬರುವ ಕಲಂ 78, ಕಲಂ 87 ಅದೇ. ಬೀದಿಯಲ್ಲಿ ಕೂತು ಆಡುವವರ ಮೇಲೂ ಕೇಸ್ ಆಗುತ್ತದೆ. ಲಾಟರಿ ನಮ್ಮ ರಾಜ್ಯದಲ್ಲಿ 2007ರಿಂದಲೇ ಇಲ್ಲ. ಆನ್‌ಲೈನ್ ಆಟಕ್ಕೆ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ದುಡ್ಡು ಕಟ್ಟಿ ಆಡುವ ಆಟ ಯಾವುದೇ ಇರಲಿ, ಅದೃಷ್ಟದ್ದಾದರೂ ಬುದ್ಧಿಯದ್ದಾದರೂ, ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿ ಕಳೆದುಕೊಂಡವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ.

ದೊಡ್ಡ ರಮ್ಮಿ, ಫ್ಯಾಂಟಸಿ ಆ್ಯಪ್‌ಗಳು ಆ ತಿಂಗಳೇ ದುಡ್ಡಿನ ಆಟ ನಿಲ್ಲಿಸಿದವು. ಆದರೆ ಟೆಲಿಗ್ರಾಮ್‌ನಲ್ಲಿ ಲಿಂಕ್, ವಾಟ್ಸಾಪ್‌ನಲ್ಲಿ ಐಡಿ, ಕಲರ್ ಹೇಳುವ ಆಟ, ವಿಮಾನ ಹಾರುವ ಆಟ ಇವೆಲ್ಲ ಎಲ್ಲಿಂದಲೋ ಬರುತ್ತಲೇ ಇರುತ್ತವೆ. ಅಲ್ಲಿ ಹಾಕಿದ ದುಡ್ಡು ವಿಡ್ರಾ ಆಗದಿದ್ದರೆ ಕೇಳೋಕೆ ಕಚೇರಿಯೂ ಇಲ್ಲ, ಮನುಷ್ಯನೂ ಇಲ್ಲ. ಬ್ಯಾನ್ ಆಗಿದೆ ಅಂತ ನೆಮ್ಮದಿಯಾಗಿ ಇರಬೇಡಿ.

"ನಿನ್ನ ಬ್ಯಾಂಕ್ ಖಾತೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂದಿದ್ದಾರಂತೆ. ಕೊಡಬಹುದಾ?

ಬೇಡ. ಖಂಡಿತ ಬೇಡ. ಬೆಟ್ಟಿಂಗ್‌ನ, ಮೋಸದ ದುಡ್ಡು ಓಡಾಡುವುದು ಇಂಥ ಖಾತೆಗಳಲ್ಲೇ. ಎಲ್ಲೋ ದೂರದ ರಾಜ್ಯದಲ್ಲಿ ಕೇಸ್ ಆದರೆ ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯ ಹೆಸರಿನವನನ್ನು. ಈಗಾಗಲೇ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟಾಗಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಬಂದ್ ಮಾಡಿಸಿ.

ಫೋನ್ ಕಿತ್ತುಕೊಂಡರೆ ಸಾಕಲ್ವಾ?

ನಾವೂ ಕಿತ್ತುಕೊಂಡಿದ್ದೆವು. ಗೆಳೆಯನ ಫೋನ್‌ನಲ್ಲಿ ಆಡಿದ. ಫೋನ್‌ಗಿಂತ ದುಡ್ಡಿನ ದಾರಿ ಮುಚ್ಚುವುದು ಮುಖ್ಯ, ಅದನ್ನೂ ಅವನ ಒಪ್ಪಿಗೆಯಿಂದ ಮಾಡಿ. ಸಂಬಳ ಬರುವ ಖಾತೆಯ ಎಟಿಎಂ ಕಾರ್ಡ್ ನಂಬಿಕೆಯ ಒಬ್ಬರ ಕೈಯಲ್ಲಿರಲಿ. ಯುಪಿಐ ಬೇಕೇ ಬೇಕಾದರೆ ಬೇರೆ ಸಣ್ಣ ಖಾತೆಗೆ ಹಾಕಿಸಿ, ದಿನದ ಮಿತಿ ಇಳಿಸಿ, ವಾರದ ಖರ್ಚಿನಷ್ಟು ಮಾತ್ರ ಅದರಲ್ಲಿರಲಿ. ಸಿಮ್ ಬದಲಿಸಿ, ಇಲ್ಲದಿದ್ದರೆ ಬುಕ್ಕಿಯ ಮೆಸೇಜ್ ನಿಲ್ಲುವುದಿಲ್ಲ. ಮನೆಯ ಬಂಗಾರ, ಪಹಣಿ, ಚೆಕ್ ಬುಕ್ ಬೀಗದೊಳಗೆ ಇಡಿ. ಅವನಿಗೆ ಇದು ಅವಮಾನ ಅನ್ನಿಸಬಹುದು. ಕಾಲು ಮುರಿದಾಗ ಪಟ್ಟಿ ಕಟ್ಟುತ್ತಾರಲ್ಲ, ಇದೂ ಹಾಗೇ, ಸ್ವಲ್ಪ ದಿನಕ್ಕೆ ಅಂತ ಹೇಳಿ.

ಮದುವೆ ಮಾಡಿದರೆ ಜವಾಬ್ದಾರಿ ಬಂದು ಸರಿ ಹೋಗುತ್ತಾನಾ?

ಇಲ್ಲ ತಾಯಿ. ಸಾಲದ ಪಟ್ಟಿಗೆ ಇನ್ನೊಂದು ಮನೆಯ ಬಂಗಾರ ಸೇರುತ್ತದೆ, ಅಷ್ಟೇ. ಒಬ್ಬ ಹೆಣ್ಣುಮಗಳ ಬದುಕು ಇಟ್ಟು ಪರೀಕ್ಷೆ ಮಾಡುವುದು ಬೇಡ. ಸಂಬಂಧ ಮೊದಲೇ ಗೊತ್ತಾಗಿದ್ದರೆ ಹುಡುಗಿಗೆ, ಅವರ ಮನೆಯವರಿಗೆ ನಿಜ ಹೇಳಿ. ಮುರಿದು ಬಿದ್ದರೂ ಹೇಳಿ.

ಹುಲಿಗೆಮ್ಮನ ಮುಂದೆ ಆಣೆ ಮಾಡಿಸಿದ್ದೇವೆ. ಆದರೂ ಬಿಟ್ಟಿಲ್ಲ.

ನಮ್ಮ ಅವ್ವನೂ ಹುಲಿಗಿಗೆ ಕರೆದುಕೊಂಡು ಹೋಗಿದ್ದಳು. ಮೂರು ವಾರ ಆಡಲಿಲ್ಲ. ಆಮೇಲೆ ಒಂದು ದಿನ ಆಡಿದ. ಆಣೆ ಮುರಿದೆ, ಇನ್ನು ನಾನು ಕೆಟ್ಟವನೇ, ಇನ್ನೇನು ಉಳಿದಿದೆ ಅಂತ ಅವತ್ತು ರಾತ್ರಿಯಿಡೀ ಆಡಿದ. ಭಕ್ತಿ ಬೇಡ ಅನ್ನುತ್ತಿಲ್ಲ, ದೇವರ ಹತ್ತಿರ ಹೋಗಿ. ಆದರೆ ಇನ್ನು ಯಾವತ್ತೂ ಆಡಲ್ಲ ಅನ್ನುವ ದೊಡ್ಡ ಆಣೆಗಿಂತ, ಆಡಬೇಕು ಅನ್ನಿಸಿದ ದಿನ ಅಣ್ಣನಿಗೆ ಹೇಳುತ್ತೇನೆ ಅನ್ನುವ ಸಣ್ಣ ಮಾತು ತೆಗೆದುಕೊಳ್ಳಿ. ಅದನ್ನು ಉಳಿಸಿಕೊಳ್ಳೋಕೆ ಆಗುತ್ತದೆ.

ತೋರಿಸೋದು ಎಲ್ಲಿ? ಹುಚ್ಚು ಅಂತ ಊರವರು ಅಂದರೆ?

14416. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಫೋನ್ ಸೇವೆ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ. ಆಸ್ಪತ್ರೆಗೆ ಹೋಗೋಕೆ ಹಿಂಜರಿಯುವವರು ಇಲ್ಲಿಂದ ಶುರು ಮಾಡಬಹುದು. ತಮ್ಮನೂ ಮೊದಲು ಮಾಡಿದ್ದು ಇದಕ್ಕೇ, ಮಿಲ್ಲಿನ ಹಿಂದೆ ಹೊಟ್ಟು ಒಟ್ಟಿದ ಕಡೆ ನಿಂತು ಮಾತಾಡಿದ.

ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ, ಬಳ್ಳಾರಿಯಲ್ಲಿ ನಾವೆಲ್ಲ ವಿಮ್ಸ್ ಅನ್ನುತ್ತಿದ್ದ ಆಸ್ಪತ್ರೆ, ಮೂರರಲ್ಲೂ ಮನೋವೈದ್ಯರು ಇದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಅಂತ ಅಲ್ಲೇ ಕೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಆನ್‌ಲೈನ್ ಚಟಕ್ಕೇ ಅಂತ ಬೇರೆ ಕ್ಲಿನಿಕ್ 2014ರಿಂದ ನಡೆಯುತ್ತಿದೆ.

ಒಂದು ವಿಷಯ ನಮ್ಮ ಕಡೆಯವರಿಗೇ ಗೊತ್ತಿಲ್ಲ. ಮನಸ್ಸಿನ ಕಾಯಿಲೆಗೆ ದೊಡ್ಡೂರಿಗೆ ಓಡಬೇಕಿಲ್ಲ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ನೋಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದರು, ಆಮೇಲೆ ಅದು ದೇಶದಲ್ಲೆಲ್ಲ ಹರಡಿತು. ಇವತ್ತಿಗೂ ಅದನ್ನು ಬಳ್ಳಾರಿ ಮಾದರಿ ಅನ್ನುತ್ತಾರೆ. ಇಡೀ ದೇಶ ನಮ್ಮಿಂದ ಕಲಿತದ್ದಕ್ಕೆ ನಾವೇ ನಾಚಿಕೆ ಪಡುವುದು ಸರಿಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನೀವು ಹೇಳಿದ್ದನ್ನು ಡಾಕ್ಟರ್ ಗುಟ್ಟಾಗಿಯೇ ಇಡಬೇಕು.

ಮಾತ್ರೆ ಇದೆಯಾ?

ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ. ಮುಖ್ಯವಾಗಿ ಮಾತಿನ ಚಿಕಿತ್ಸೆ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಯಾವ ಹೊತ್ತಿಗೆ ಆಸೆ ಬರುತ್ತದೆ, ಆಗ ತಲೆ ಏನು ಸುಳ್ಳು ಹೇಳುತ್ತದೆ, ಅದಕ್ಕೆ ಏನು ಉತ್ತರ ಕೊಡಬೇಕು, ಇದನ್ನು ಕಲಿಸುತ್ತಾರೆ. ಜೊತೆಗೆ ಖಿನ್ನತೆ, ನಿದ್ದೆ ಇಲ್ಲದಿರುವುದು, ಕುಡಿತ ಇದ್ದರೆ ಅದಕ್ಕೆ ಔಷಧಿ ಕೊಡುತ್ತಾರೆ. ಆಸೆ ತಗ್ಗಿಸೋಕೆ ಕೆಲವರಿಗೆ ಕುಡಿತ ಬಿಡಿಸುವ ಔಷಧಿಯನ್ನೇ ಕೊಡುವುದೂ ಉಂಟು. ಅದು ಡಾಕ್ಟರ್ ನೋಡಿ ಹೇಳಬೇಕಾದದ್ದು.

"ಸತ್ತು ಹೋಗ್ತೀನಿ" ಅಂತಾನೆ. ಹೆದರಿಸೋಕೆ ಅಂತಾನಾ?

ಹೆದರಿಸೋಕೆ ಅಂತ ಯಾವತ್ತೂ ಅಂದುಕೊಳ್ಳಬೇಡಿ. ನೇರವಾಗಿ ಕೇಳಿ, ಸಾಯಬೇಕು ಅನ್ನಿಸುತ್ತಿದೆಯಾ ಅಂತ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಭಾರ ಇಳಿಯುತ್ತದೆ. ಒಬ್ಬನನ್ನೇ ಬಿಡಬೇಡಿ. ನಮ್ಮದು ಹತ್ತಿ, ಭತ್ತದ ಸೀಮೆ, ಮನೆ ಮೂಲೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿ ಇದ್ದೇ ಇರುತ್ತದೆ. ಇವತ್ತೇ ಅದನ್ನು ಮನೆಯಿಂದ ಆಚೆ ಸಾಗಿಸಿ, ಬೇರೆಯವರ ಹತ್ತಿರ ಬೀಗ ಹಾಕಿಸಿ ಇಡಿ. ಆ ಯೋಚನೆ ಜೋರಾಗಿ ಬರುವ ಹೊತ್ತು ಬಹಳ ಸಲ ಸಣ್ಣದು, ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. 14416ಕ್ಕೆ ಫೋನ್ ಮಾಡಿ, ತುರ್ತಾದರೆ 112, ಇಲ್ಲವೇ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಲದ ಮಾತು ಆ ದಿನ ಬೇಡವೇ ಬೇಡ.

ಆಡ್ತಿರೋನು ನಾನೇ. ಮನೆಯಲ್ಲಿ ಗೊತ್ತಿಲ್ಲ. ಇವತ್ತು ರಾತ್ರಿ ಮ್ಯಾಚ್ ಇದೆ. ಏನು ಮಾಡಲಿ?

ತಮ್ಮಾ, ಇವತ್ತು ಒಂದೇ ರಾತ್ರಿಯ ಮಾತು ಹೇಳುತ್ತೇನೆ. ಕೈಯಲ್ಲಿದ್ದ ದುಡ್ಡನ್ನು ಈಗಲೇ ಯಾರದಾದರೂ ಖಾತೆಗೆ ಹಾಕಿಬಿಡು, ಅಕ್ಕನದೋ ಗೆಳೆಯನದೋ, ನಾಳೆ ಸಂಜೆ ಕೊಡು ಅಂತ ಹೇಳು. ಫೋನ್ ಚಾರ್ಜಿಗೆ ಹಾಕಿ ಹೊರಗೆ ಹೋಗು. ಆಡಲೇಬೇಕು ಅನ್ನುವ ಆಸೆ ಅರ್ಧ ಗಂಟೆ ಜೋರಾಗಿ ಹಿಂಡುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಆ ಅರ್ಧ ಗಂಟೆ ನಡೆ, ಸ್ನಾನ ಮಾಡು, ಯಾರ ಜೊತೆಗಾದರೂ ಮಾತಾಡು. ಹೋದ ದುಡ್ಡು ಹೋಯಿತು. ಅದನ್ನು ತರೋಕೆ ಹೋದದ್ದೇ ನಿನ್ನನ್ನು ಇಲ್ಲಿಗೆ ತಂದಿದ್ದು.

ನಾಳೆ ಒಬ್ಬರಿಗೆ ಹೇಳು. ಅಪ್ಪನಿಗೆ ಹೇಳೋಕೆ ಆಗದಿದ್ದರೆ ಕಾಕಾಗೋ ಮಾಮಾಗೋ ಹೇಳು. ಆದರೆ ಪೂರ್ತಿ ಹೇಳು. ಅರ್ಧ ಹೇಳಿದರೆ ಉಳಿದರ್ಧ ನಿನ್ನನ್ನು ಮತ್ತೆ ಎಳೆಯುತ್ತದೆ.

ಎಷ್ಟು ದಿನಕ್ಕೆ ಸರಿ ಹೋಗುತ್ತದೆ? ಒಂದು ಸಲ ಮತ್ತೆ ಆಡಿದರೆ ಎಲ್ಲ ವ್ಯರ್ಥನಾ?

ತಿಂಗಳ ಲೆಕ್ಕ ಹೇಳೋಕೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಯುಗಾದಿ ಹತ್ತಿರ ಬಂದರೆ ಎಲ್ಲರಿಗೂ ಭಯ, ಯಾಕಂದರೆ ಐಪಿಎಲ್ ಶುರುವಾಗುವುದೂ ಅದೇ ಹೊತ್ತಿಗೆ. ಬಿಟ್ಟ ಮೇಲೆ ಬಂದ ಮೊದಲ ಐಪಿಎಲ್‌ನಲ್ಲಿ ತಮ್ಮ ಒಂದು ಸಲ ಎರಡು ಸಾವಿರ ಕಟ್ಟಿ ಕಳೆದ. ರಾತ್ರಿ ಹನ್ನೊಂದಕ್ಕೆ ನನ್ನ ಕೋಣೆಗೆ ಬಂದು "ಅಣ್ಣಾ, ಇವತ್ ಆಡಿದೆ" ಅಂದ. ನನಗೆ ಸಿಟ್ಟು ಬಂತು, ತಡೆದುಕೊಂಡೆ. ಮೊದಲಾಗಿದ್ದರೆ ಅವನು ಅದನ್ನು ಮುಚ್ಚಿಟ್ಟು ಎರಡು ಸಾವಿರಕ್ಕೆ ಇಪ್ಪತ್ತು ಸಾವಿರ ಮಾಡುತ್ತಿದ್ದ. ನೋಟ್‌ಬುಕ್ ತೆಗೆದು ಅವನೇ ಬರೆದ. ಮಾರನೇ ದಿನ ಕೆಲಸಕ್ಕೆ ಹೋದ.

ನಿಮ್ಮ ತಮ್ಮ ಈಗ ಹೇಗಿದ್ದಾನೆ?

ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹತ್ತೊಂಬತ್ತು ಹೆಸರಲ್ಲಿ ಹದಿನಾರಕ್ಕೆ ಗೀಟು ಬಿದ್ದಿದೆ, ಗೀಟು ಎಳೆಯುವುದು ಅವನೇ. ಎರಡು ಎಕರೆ ಇನ್ನೂ ಲೀಜಿನಲ್ಲೇ ಇದೆ. ಊಟದ ಹೊತ್ತಿಗೆ ಫೋನ್ ಅಡುಗೆ ಮನೆಯ ಮಾಡದಲ್ಲಿ ಇರುತ್ತದೆ. ಮೊನ್ನೆ ಅವ್ವನನ್ನು ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.